ಶಸ್ತ್ರಕ್ರಿಯಾಕಾಲದಲ್ಲಿ ಹೃದಯದರ್ಶನ

ಕ್ರಿ. ಶ. 1953ನೆಯ ಅಕ್ಟೋಬರ್ ಮಾಸವು ಬಳ್ಳಾರಿಯ ಚರಿತ್ರೆಯಲ್ಲಿ ಸ್ಮರಣೀಯವಾದುದು. ಆ ತಿಂಗಳ 1ನೆಯ ತಾರೀಖು ಬಳ್ಳಾರಿ ನಗರವೂ, ಸಿಂದರ ರಾಜಧಾನಿಯಾಗಿದ್ದ ಕುರುಗೋಡೂ, ತುಂಗಭದ್ರಾತೀರದ ಸಿರುಗುಪ್ಪವೂ ಮದರಾಸು ರಾಜ್ಯದಿಂದ ಬೇರ್ಪಟ್ಟು ಮೈಸೂರಿಗೆ ಸೇರಿದುವು. ಅದೇ ತಿಂಗಳ 29ರಂದು ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್ಮುತ್ ಹರ್ಟ್ಸ್ ಎಂಬ ಭೌತಶಾಸ್ತ್ರಜ್ಞರೂ ಜೀವಂತ ಹೃದಯದ ಚಲನೆಯನ್ನು ಧ್ವನಿಯ ಮೂಲಕ ಲೇಖಿಸಿದರು. ಇವೆರಡಕ್ಕೂ ಕಾಲಸಾಮ್ಯವಲ್ಲದೆ ಕಾರ್ಯಕಾರಣಸಂಬಂಧವಿಲ್ಲ. ಆದರೂ ರೋಗಿಯ ಮಂಚದ ಬಳಿಯಲ್ಲಿ ಇವು ಸಂಧಿಸುವುವು.

ಸುಶ್ರುತಸಂಹಿತೆಯ ಶಾರೀರಸ್ಥಾನವು ಹೃದಯವನ್ನು ಅಧೋಮುಖವಾದ ಕಮಲಕ್ಕೆ ಹೋಲಿಸಿ, ಎಚ್ಚರದಲ್ಲಿ ಅದು ಅರಳುವುದೆಂದೂ ನಿದ್ರೆಯಲ್ಲಿ ಮುಚ್ಚಿಕೊಳ್ಳುವುದೆಂದೂ ಹೇಳುವುದು. ಅರಿವಳಿಕೆಯಿಂದುಂಟಾದ ನಿದ್ರೆಯಲ್ಲಿ ಹೃದಯದ ಸ್ಥಿತಿಯೇನು ಎಂಬುದೇ ಆಧುನಿಕ ಶಸ್ತ್ರವೈದ್ಯದ ಪ್ರಶ್ನೆ.

ಸೆಕೆಂಡಿಗೆ 20,000ಕ್ಕಿಂತ ಹೆಚ್ಚಾದ ಕಂಪನಗಳು ಮಾನವನ ಕಿವಿಗೆ ಕೇಳಿಸವು. ಅಂತಹ ಶ್ರವಣಾತೀತ ಧ್ವನಿಯು ದೇಹವನ್ನು ಹೊಕ್ಕು ಅಂಗಗಳ ಅಂಚುಗಳಿಂದ ಪ್ರತಿಫಲಿಸುವುದು. ಹಿಂದಿರುಗಲು ಹಿಡಿದ ಕಾಲದಿಂದ ದೂರವು ಗೊತ್ತಾಗುವುದು. ಲೋಹದೊಳಗಿನ ಬಿರುಕುಗಳನ್ನು ಪರೀಕ್ಷಿಸುವ ಯಂತ್ರವನ್ನೇ ಲುಂಡಿನ ಶೋಧಕರು ಹೃದಯಕ್ಕೆ ಅಳವಡಿಸಿದರು. ಆದರೆ ಎದೆಯ ಮೇಲಿಟ್ಟ ಸಾಧನವು ಶಸ್ತ್ರವೈದ್ಯರ ಕೈಗೆ ಅಡ್ಡಬರುವುದು; ಶ್ವಾಸಕೋಶದ ಗಾಳಿಯೂ ಧ್ವನಿಯನ್ನು ತಡೆಯುವುದು. ಅನ್ನನಾಳವಾದರೋ ಎಡ ಹೃತ್ಕರ್ಣದ ಬೆನ್ನಿಗೇ ಹೊಂದಿಕೊಂಡಿದೆ. ಈ ಮಾರ್ಗದಿಂದ ಪಡೆದ ಲೇಖನವನ್ನು 1976ರಲ್ಲಿ ಅಮೆರಿಕದ ಫ್ರೇಜಿನ್ ಮೊದಲಾದವರು ಪ್ರಕಟಿಸಿದರು. ಮಾತ್ಸುಮೋಟೊ, ಓಕಾ ಮೊದಲಾದವರು ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಅದನ್ನು ಬಳಸಿ 1980ರಲ್ಲಿ ವರದಿಮಾಡಿದರು. 1982ರ ಹೊತ್ತಿಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ, ಬಾಗುವ ನಳಿಕೆಯ ತುದಿಯಿಂದ ಮಿಡಿಯುವ ಹೃದಯದ ಚಿತ್ರವೇ ದೊರಕಿತು.

ಇದರ ಪ್ರಯೋಜನವು 1985ರಲ್ಲಿ ಸ್ಮಿತ್, ಕಾಹಲನ್ ಮೊದಲಾದವರ ಪರೀಕ್ಷೆಯಿಂದ ಸ್ಪಷ್ಟವಾಯಿತು. ಅಪಾಯಸಂಭವವುಳ್ಳ 50 ಮಂದಿ ರೋಗಿಗಳಲ್ಲಿ 24 ಮಂದಿಗೆ ಶಸ್ತ್ರಕ್ರಿಯಾಕಾಲದಲ್ಲಿ ಹೃದಯಭಿತ್ತಿಯ ಒಂದಿಲ್ಲೊಂದು ಭಾಗದ ಚಲನೆಯು ಹೊಸದಾಗಿ ಕುಂದಿದುದು ಕಂಡುಬಂದಿತು. ವಿದ್ಯುಲ್ಲೇಖನದಲ್ಲಿ ರಕ್ತಪೂರೈಕೆಯ ಕೊರತೆಯ ಚಿಹ್ನೆಯು 6 ಮಂದಿಯಲ್ಲಿ ಮಾತ್ರವೇ ತೋರಿತು. ಸರಿಪಡಿಸಿದ ಕವಾಟವು ಇನ್ನೂ ಸೋರುವುದಾದರೆ ಎದೆಯನ್ನು ಮುಚ್ಚುವ ಮೊದಲೇ ತಿಳಿಯುವುದು. ಆದರೂ ಚಲನೆಯ ಕುಂದಿಗೆಲ್ಲ ಒಂದೇ ಕಾರಣವೆನ್ನಲಾಗದು. ಕುರುಗೋಡಿನ ಶಾಸನವನ್ನೋದಲು ಲಿಪಿಜ್ಞರು ಹೇಗೆ ಆವಶ್ಯಕರೋ ಹಾಗೆ ಈ ಚಿತ್ರಕ್ಕೂ ಅಭ್ಯಾಸವುಳ್ಳ ಕಣ್ಣು ಆವಶ್ಯಕ.

ಬಳ್ಳಾರಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು 1961ರಲ್ಲಿ ಸ್ಥಾಪಿತವಾಯಿತು. ಹೃತ್ಕರ್ಣ, ಹೃತ್ಕುಕ್ಷಿ, ಕವಾಟ ಮುಂತಾದ ಸಂಸ್ಕೃತಪದಗಳು ಪಾಠಪುಸ್ತಕಗಳಿಗೆ ಒದಗಿಬಂದಿವೆ. ಆದರೆ ಅನ್ನನಾಳವು ಕಿರಿದಾಗಿದ್ದರೆ ಅಥವಾ ವ್ರಣಗೊಂಡಿದ್ದರೆ ನಳಿಕೆಯಿಂದಲೇ ಪ್ರಾಣಾಪಾಯವುಂಟು. ಆದುದರಿಂದ ಸಿರುಗುಪ್ಪದ ರೈತನಾಗಲಿ ಕುರುಗೋಡಿನ ಮುದುಕಿಯಾಗಲಿ, ಶಸ್ತ್ರಕ್ರಿಯೆಗೆ ಮೊದಲು ಅವರನ್ನು ಕೇಳತಕ್ಕದ್ದು ಇಷ್ಟು: ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದೇ? ಎಂದಾದರೂ ರಕ್ತ ವಾಂತಿಯಾಗಿತ್ತೇ? ಇದಕ್ಕೆ ಪರಿಭಾಷೆ ಸಲ್ಲದು, ಮನೆಮಾತೇ ಬೇಕು. ಅರಿವಳಿಕೆಯಾದ ಮೇಲೆ ಹೃದಯದ ಚಲನೆಯನ್ನು ಯಂತ್ರವು ತಿಳಿಸೀತು. ಈ ಪ್ರಶ್ನೆಗಳಿಗೆ ಉತ್ತರವನ್ನು ರೋಗಿಯು ಹೇಳಲಾರನು. ಭಾಷೆಯ ಆಧಾರದಿಂದ ಕನ್ನಡನಾಡಿಗೆ ಸೇರಿದ ಸೀಮೆಯಲ್ಲಿ ಈ ಪ್ರಶ್ನೆಯು ತಿಳಿಗನ್ನಡದಲ್ಲಿ ಕೇಳಲ್ಪಡುವುದು ಶಸ್ತ್ರಕ್ರಿಯೆಯ ಅಂಗವೇ ಆಗಿರುವುದು.