ಲಿಂಕ್ ಯಾರಿಗೂ ಕೊಟ್ಟಿಲ್ಲ ಎಂದರೆ ಆ ವೆಬ್ ಪುಟ ಸುರಕ್ಷಿತವೇ?

"ಈ ಪುಟದ ಲಿಂಕ್ ನಮ್ಮ ಗ್ರೂಪ್‌ನವರಿಗೆ ಮಾತ್ರ ಗೊತ್ತು. ಗೂಗಲ್‌ನಲ್ಲೂ ಸಿಗಲ್ಲ. ಧೈರ್ಯವಾಗಿ ಆಧಾರ್ ಕಾಪಿ ಅಪ್‌ಲೋಡ್ ಮಾಡಿ." ಅಪಾರ್ಟ್‌ಮೆಂಟ್, ಶಾಲೆ, ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶವನ್ನು ನೀವೂ ನೋಡಿರಬಹುದು. ಇದನ್ನು ನಂಬಬಹುದೇ?

ಚುಟುಕಾಗಿ ಹೇಳುವುದಾದರೆ, ಇಲ್ಲ. ಮನೆಗೆ ನಾಮಫಲಕ ಹಾಕದಿದ್ದರೆ ಬಾಗಿಲಿಗೆ ಬೀಗ ಹಾಕಿದಂತಾಗುವುದಿಲ್ಲ. ವೆಬ್ ಪುಟಗಳ ಕಥೆಯೂ ಅಷ್ಟೇ.

ಗೂಗಲ್‌ನಲ್ಲಿ ಸಿಗದಿದ್ದರೆ ಯಾರಿಗೂ ಸಿಗುವುದಿಲ್ಲವೇ?

ಗೂಗಲ್ ಸಾಮಾನ್ಯವಾಗಿ ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗುತ್ತದೆ. ಎಲ್ಲೂ ಲಿಂಕ್ ಇಲ್ಲದ ಪುಟ ಅದರ ಕಣ್ಣಿಗೆ ಬೀಳದೇ ಇರಬಹುದು. ಆದರೆ ಪುಟ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ಪಾಸ್‌ವರ್ಡ್ ಇಲ್ಲದಿದ್ದರೆ, ಸರಿಯಾದ ವಿಳಾಸ ಟೈಪ್ ಮಾಡಿದ ಯಾರಿಗಾದರೂ ಅದು ತೆರೆದುಕೊಳ್ಳುತ್ತದೆ.

ವಿಳಾಸ ಗೊತ್ತಾಗುವುದು ಹೇಗೆ?

ಸಂಸ್ಥೆಗಳು ತಮ್ಮ ವೆಬ್‌ಸೈಟ್ ಎಷ್ಟು ಭದ್ರವಾಗಿದೆ ಎಂದು ತಿಳಿಯಲು ತಜ್ಞರಿಂದ ಪರೀಕ್ಷೆ ಮಾಡಿಸುತ್ತವೆ. ಇದಕ್ಕೆ ಪೆನೆಟ್ರೇಶನ್ ಟೆಸ್ಟಿಂಗ್ ಎನ್ನುತ್ತಾರೆ. ಮರೆತುಹೋದ ಬಾಗಿಲುಗಳನ್ನು ಪಟ್ಟಿ ಮಾಡುವುದು ಅದರ ಮೊದಲ ಕೆಲಸಗಳಲ್ಲಿ ಒಂದು.

ಊಹೆ: ಅಡ್ಮಿನ್, ಬ್ಯಾಕಪ್, ಟೆಸ್ಟ್, ಓಲ್ಡ್ ಮುಂತಾದ ಸಾವಿರಾರು ಪದಗಳ ಪಟ್ಟಿ ಹಿಡಿದು ತಂತ್ರಾಂಶವೊಂದು ಒಂದೊಂದನ್ನೇ ವಿಳಾಸಕ್ಕೆ ಸೇರಿಸಿ ನೋಡುತ್ತದೆ. ಸರ್ವರ್ 404 ಎಂದರೆ ಪುಟ ಇಲ್ಲ, 200 ಎಂದರೆ ಇದೆ. 403 ಎಂದರೆ ಪ್ರವೇಶವಿಲ್ಲ. ಅಲ್ಲಿ ಏನೋ ಇರಬಹುದು ಎಂಬ ಸುಳಿವು ಅದು.

ಪ್ರಮಾಣಪತ್ರಗಳ ದಾಖಲೆ: ವಿಳಾಸದ ಮುಂದೆ ಮೇಲ್, ಟೆಸ್ಟ್ ಎಂದು ಸೇರಿಸಿ ಮಾಡುವ ಉಪವಿಳಾಸವೇ ಸಬ್‌ಡೊಮೈನ್. ಅದಕ್ಕೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಪಡೆದಾಗ ಸಾಮಾನ್ಯವಾಗಿ ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ. 2018ರಿಂದ ಕ್ರೋಮ್ ಬ್ರೌಸರ್ ಹೊಸ ಪ್ರಮಾಣಪತ್ರಗಳಿಗೆ ಇದನ್ನು ಕಡ್ಡಾಯ ಮಾಡಿದೆ. ನಕಲಿ ಪ್ರಮಾಣಪತ್ರ ಪತ್ತೆಹಚ್ಚಲು ಮಾಡಿದ ಈ ಏರ್ಪಾಡಿನಲ್ಲಿ ಗುಟ್ಟಿನ ಹೆಸರುಗಳೂ ಬಯಲಾಗುತ್ತವೆ.

ರೋಬೋಟ್ಸ್ ಕಡತ: "ಈ ಕಡೆ ಬರಬೇಡಿ" ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ಈ ಪದ್ಧತಿ 1994ರಷ್ಟು ಹಳೆಯದು. ಇದು ವಿನಂತಿ ಅಷ್ಟೇ, ತಡೆಗೋಡೆಯಲ್ಲ. ಕಡತವನ್ನು ಯಾರು ಬೇಕಾದರೂ ಓದಬಹುದಾದ್ದರಿಂದ, ಎಲ್ಲಿ ನೋಡಬೇಕೆಂದು ಅದೇ ಹೇಳಿಕೊಟ್ಟಂತಾಗುತ್ತದೆ.

88.5 ಕೋಟಿ ದಾಖಲೆಗಳ ಪಾಠ

ಫಸ್ಟ್ ಅಮೆರಿಕನ್ ಫೈನಾನ್ಶಿಯಲ್ ಅಮೆರಿಕದಲ್ಲಿ ಆಸ್ತಿ ಹಕ್ಕುಪತ್ರಗಳಿಗೆ ವಿಮೆ ಕೊಡುವ ದೊಡ್ಡ ಕಂಪನಿ. ಅದರ ವೆಬ್‌ಸೈಟ್‌ನಲ್ಲಿ ಗ್ರಾಹಕರ ಸುಮಾರು 88.5 ಕೋಟಿ ದಾಖಲೆಗಳು ಪಾಸ್‌ವರ್ಡ್ ಇಲ್ಲದೆ ತೆರೆದಿದ್ದವು ಎಂದು ಪತ್ರಕರ್ತ ಬ್ರಯಾನ್ ಕ್ರೆಬ್ಸ್ 2019ರ ಮೇ ತಿಂಗಳಲ್ಲಿ ವರದಿ ಮಾಡಿದರು. ಒಂದು ದಾಖಲೆಯ ಲಿಂಕ್ ಇದ್ದವರು ಅದರಲ್ಲಿನ ಒಂದು ಅಂಕಿ ಬದಲಿಸಿದರೆ ಸಾಕು, ಬೇರೊಬ್ಬರ ದಾಖಲೆ ಕಾಣುತ್ತಿತ್ತು. ಬ್ಯಾಂಕ್ ಖಾತೆ ಸಂಖ್ಯೆ, ಚಾಲನಾ ಪರವಾನಗಿಯ ಚಿತ್ರ ಎಲ್ಲವೂ ಅದರಲ್ಲಿದ್ದವು.

ಬೇಸರದ ಸಂಗತಿಯೆಂದರೆ, ಕಂಪನಿಯದೇ ಭದ್ರತಾ ಪರೀಕ್ಷೆಯಲ್ಲಿ ಈ ದೋಷ ತಿಂಗಳುಗಳ ಮೊದಲೇ ಸಿಕ್ಕಿತ್ತು. ಸರಿಪಡಿಸಿರಲಿಲ್ಲ. 2023ರಲ್ಲಿ ನ್ಯೂಯಾರ್ಕ್ ರಾಜ್ಯದ ಹಣಕಾಸು ನಿಯಂತ್ರಕರಿಗೆ ಕಂಪನಿ 10 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಬಾಗಿಲು ತೆರೆದಿದೆ ಎಂದು ಗೊತ್ತಾದರೆ ಸಾಲದು, ಯಾರಾದರೂ ಹೋಗಿ ಮುಚ್ಚಬೇಕು.

ಹಾಗಾದರೆ ನಾವೂ ಹುಡುಕಿ ನೋಡಬಹುದೇ?

ಬೇಡ. ಪರೀಕ್ಷಕರ ಕೈಯಲ್ಲಿ ಮಾಲೀಕರ ಲಿಖಿತ ಅನುಮತಿ ಇರುತ್ತದೆ. ಯಾವ ವಿಳಾಸ, ಯಾವ ದಿನ, ಎಲ್ಲಿಯವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರ ಅಡಿ ತಪ್ಪು. ಅಪ್ರಾಮಾಣಿಕ ಉದ್ದೇಶವಿದ್ದರೆ ಸೆಕ್ಷನ್ 66ರಂತೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆಕಸ್ಮಿಕವಾಗಿ ಇಂಥ ಪುಟ ಕಂಡರೆ ಡೌನ್‌ಲೋಡ್ ಮಾಡಬೇಡಿ, ಸ್ಕ್ರೀನ್‌ಶಾಟ್ ಹಂಚಬೇಡಿ. ಸಂಸ್ಥೆಗೆ ಅಥವಾ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ತಿಳಿಸಿ.

ನೀವೇನು ಮಾಡಬಹುದು?

• ಗೂಗಲ್ ಡ್ರೈವ್‌ನಲ್ಲಿ "ಲಿಂಕ್ ಇರುವ ಯಾರಾದರೂ" ಎಂಬ ಆಯ್ಕೆ ಬಿಟ್ಟು, ಬೇಕಾದವರ ಇಮೇಲ್ ಮಾತ್ರ ಸೇರಿಸಿ. ಆ ಉದ್ದ ಲಿಂಕ್ ಊಹಿಸುವುದು ಕಷ್ಟ, ಆದರೆ ಫಾರ್ವರ್ಡ್ ಮಾಡುವುದು ಸುಲಭ.
• ಸಂಘದ ಅಥವಾ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವವರಾದರೆ, ಹಳೆಯ ಟೆಸ್ಟ್ ಪುಟ ಮತ್ತು ಬ್ಯಾಕಪ್ ಕಡತಗಳನ್ನು ಅಳಿಸಿಹಾಕಿ.
• ಆಧಾರ್ ಕೇಳಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ವಿಚಾರಿಸಿ.

ಮುಂದಿನ ಸಲ "ಲಿಂಕ್ ಯಾರಿಗೂ ಗೊತ್ತಿಲ್ಲ" ಎಂಬ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಲಿಂಕ್ ಗೊತ್ತಾದವರನ್ನು ತಡೆಯಲು ಅಲ್ಲಿ ಪಾಸ್‌ವರ್ಡ್ ಇದೆಯೇ? ಉತ್ತರ ಬರುವವರೆಗೆ ದಾಖಲೆ ನಿಮ್ಮ ಹತ್ತಿರವೇ ಇರಲಿ.