ಗದಗಿನ ಪುಣ್ಯಾಶ್ರಮದ ಸಂಗೀತ ಪಾಠ

ಗದಗಿನ ವೀರೇಶ್ವರ ಪುಣ್ಯಾಶ್ರಮ ಮೊದಲು ಊರೂರು ಸುತ್ತುವ ಸಂಗೀತ ಪಾಠಶಾಲೆಯಾಗಿತ್ತು. ಇದನ್ನು ಕಟ್ಟಿದವರು ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (1892–1944). ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅವರು ಕರ್ನಾಟಕ, ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಕಲಿತಿದ್ದರು. ಹಿಂದೂಸ್ತಾನಿಯಲ್ಲಿ ಅವರ ಗುರು ನೀಲಕಂಠಬುವಾ ಮಿರಜಕರ್.

ಅಂಧರು, ಬಡವರು, ಅನಾಥರು ಕಣ್ಣಿದ್ದವರ ಜೊತೆ ಒಂದೇ ಸೂರಿನಡಿ ಉಂಡು ಕಲಿತರು; ಊಟ, ವಸತಿ, ಪಾಠಕ್ಕೆ ಶುಲ್ಕವಿರಲಿಲ್ಲ. ಪಾಠ ಬಾಯಿಂದ ಕಿವಿಗೆ. ಪುಸ್ತಕ ನೋಡಿ ಕಲಿಯುವ ಪ್ರಶ್ನೆಯೇ ಇಲ್ಲದ ಕಡೆ ಕಣ್ಣಿಲ್ಲದವನು ಹಿಂದುಳಿಯಬೇಕಾಗಿರಲಿಲ್ಲ. ಹಾಡುಗಾರಿಕೆಯ ಜೊತೆಗೆ ತಬಲಾ, ಹಾರ್ಮೋನಿಯಂ, ಪಿಟೀಲು ಕಲಿಯುವವರೂ ಅಲ್ಲಿಯೇ ಇದ್ದುದರಿಂದ ಸಾಥಿಗೆ ಹೊರಗಿನವರನ್ನು ಕಾಯಬೇಕಿರಲಿಲ್ಲ.

ಇಷ್ಟು ಹೊಟ್ಟೆ ತುಂಬಿಸಲು ಭಕ್ತರ ಕಾಣಿಕೆ ಸಾಲದು. ಆಶ್ರಮ ನಾಟಕ ಕಂಪನಿಯನ್ನೇ ಕಟ್ಟಿತು. ಶಾಸ್ತ್ರೀಯ ಸಂಗೀತದ ಮಡಿವಂತರಿಗೆ ಇದು ಒಗ್ಗದಿರಬಹುದು. ಆದರೆ ರಂಗಗೀತೆ ಕಲಿಸುವ ಧೈರ್ಯವನ್ನು ಕೋಣೆಯೊಳಗಿನ ರಿಯಾಜು ಕಲಿಸದು. ಗುರುಗಳ ನಂತರ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ನಾಟಕಗಳನ್ನು ರಚಿಸಿದರು. ಅವರೂ ಅಂಧರೇ.

ಇಲ್ಲಿ ಕಲಿತ ಗಾಯಕರಲ್ಲಿ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶ್ ಕುಮಾರ್ 1968ರಲ್ಲಿ ಬಾಲಕನಾಗಿ ಬಂದು ಸುಮಾರು 12 ವರ್ಷ ಪುಟ್ಟರಾಜರ ಬಳಿ ಕಲಿತು, ಮುಂದೆ ಧಾರವಾಡದಲ್ಲಿ ತಾವೂ ಸಂಗೀತ ಶಿಕ್ಷಕರಾದರು.