ಜಲಗಾರರ ಮರಿಗೆಯಲ್ಲಿ ಕಪ್ಪತಗುಡ್ಡದ ಬಂಗಾರ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವರಿಗೆ ಲಕಮನಹಳ್ಳಿಯಲ್ಲಿ ಕಾಣುವುದು ಕಾರ್ಖಾನೆಗಳು, ಗೋದಾಮುಗಳು, ಬಡಾವಣೆಗಳು. ಅವುಗಳ ಅಡಿಯಲ್ಲಿರುವ ಕಲ್ಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಕಲ್ಲಿನ ಕುಲಕ್ಕೆ ಭೂವಿಜ್ಞಾನದ ಪುಸ್ತಕಗಳಲ್ಲಿರುವ ಹೆಸರು ಈ ಊರಿನದೇ: ಧಾರವಾಡ ಶಿಲಾವರ್ಗ. 1880ರ ದಶಕದಲ್ಲಿ ಈ ಹೆಸರಿಟ್ಟವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಭಾರತದಲ್ಲಿ ಬಂಗಾರ ಮುಖ್ಯವಾಗಿ ಈ ಶಿಲೆಗಳ ನಡುವೆಯೇ ಇದೆ ಎಂಬುದು ಆತ ಕಂಡುಕೊಂಡ ಸತ್ಯ. ಕೋಲಾರವೂ, ರಾಯಚೂರು ಜಿಲ್ಲೆಯ ಹಟ್ಟಿಯೂ ಇದೇ ಕುಲಕ್ಕೆ ಸೇರಿದವು.

ಹಾಗೆಂದು ಲಕಮನಹಳ್ಳಿಯಲ್ಲಿ ಬಾವಿ ತೋಡಿದವರಿಗೆ ಬಂಗಾರ ಸಿಕ್ಕೀತು ಎಂದೇನೂ ಅಲ್ಲ. ಅದಕ್ಕೆ ಪೂರ್ವಕ್ಕೆ ಹೋಗಬೇಕು, 1997ರವರೆಗೆ ಧಾರವಾಡ ಜಿಲ್ಲೆಯ ಭಾಗವೇ ಆಗಿದ್ದ ಗದಗ ಸೀಮೆಗೆ. ಗದಗದ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಚಾಚಿರುವ ಕಪ್ಪತಗುಡ್ಡದ ಹಳ್ಳಗಳಲ್ಲಿ ಬಂಗಾರದ ಕಣಗಳಿವೆ ಎಂಬುದು ಫೂಟ್ ಹುಟ್ಟುವುದಕ್ಕೂ ಬಹಳ ಮೊದಲೇ ಸ್ಥಳೀಯರಿಗೆ ಗೊತ್ತಿತ್ತು. ಅದನ್ನು ತೊಳೆದು ತೆಗೆಯುವುದೇ ಕಸುಬಾಗಿದ್ದವರಿಗೆ ಜಲಗಾರರು ಎಂದು ಹೆಸರು.

ಈ ಹೆಸರು ಕೇಳಿದರೆ ಹಳೆಯ ಮೈಸೂರಿನ ಓದುಗರಿಗೆ ಬೀದಿ ಗುಡಿಸುವವನ ನೆನಪಾಗಬಹುದು. 1928ರಲ್ಲಿ ಬಂದ ಕುವೆಂಪು ಅವರ ‘ಜಲಗಾರ’ ನಾಟಕದ ನಾಯಕ ಅಂಥವನೇ. ಉತ್ತರದ ಸೀಮೆಯಲ್ಲಿ ಜಲಗಾರನೆಂದರೆ ಬಂಗಾರ ತೊಳೆಯುವವ. ಎರಡೂ ಅರ್ಥಗಳು ತೋರುವಷ್ಟು ದೂರದವಲ್ಲ. ಹಳ್ಳದ ಕೆಲಸವಿಲ್ಲದ ದಿನಗಳಲ್ಲಿ ಪತ್ತಾರರ ಅಂಗಡಿಯ ಮುಂದಿನ ಕಸ, ಕುಲುಮೆಯ ಬೂದಿ ಬಳಿದು ತಂದು, ತೊಳೆದು, ಅದರೊಳಗೆ ಸೇರಿಹೋದ ಬಂಗಾರದ ಪುಡಿಯನ್ನು ಹೆಕ್ಕುವುದೂ ಇವರ ಕಸುಬೇ ಆಗಿತ್ತು.

ಹಳ್ಳದ ಕೆಲಸಕ್ಕೆ ಮಳೆಯೇ ಯಜಮಾನ. ಜೋರು ಮಳೆ ಬಿದ್ದು ಗುಡ್ಡದ ನೀರು ಕೆಂಪಗೆ ಹರಿದು ಇಳಿದ ಮೇಲೆ ಜಲಗಾರರು ಸೊರಟೂರು, ಡೋಣಿ, ಡಂಬಳದ ಕಡೆಯ ಹಳ್ಳಗಳಿಗೆ ಇಳಿಯುತ್ತಿದ್ದರು. ಹಳ್ಳದ ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ ನಿಂತ ಮಣ್ಣನ್ನು ಕೆದರಿ, ತುಸು ಓರೆಯಾಗಿ ಇಟ್ಟ ಮರದ ದೋಣಿಗೆ ಸುರಿಯುವುದು. ಒಬ್ಬ ನೀರು ಹೊಯ್ದರೆ ಮತ್ತೊಬ್ಬ ಕಲಕುವುದು. ಹಗುರ ಮಣ್ಣು ಹರಿದು ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ. ಆ ಉಳಿಕೆಯನ್ನು ಚಪ್ಪಟೆ ಮರಿಗೆಗೆ ಹಾಕಿ ನೀರಿನಲ್ಲಿ ಮೆಲ್ಲಗೆ ತೂಗಿದರೆ ಕೊನೆಗೆ ಕಾಣುವುದು ಕಬ್ಬಿಣದ ಕಪ್ಪು ಮರಳು, ಅದರ ಅಂಚಿನಲ್ಲಿ ಅದೃಷ್ಟವಿದ್ದರೆ ಒಂದು ಹಳದಿ ಗೆರೆ. ಅದಕ್ಕೆ ಪಾದರಸ ಬೆರೆಸಿದರೆ ಚೂರುಗಳೆಲ್ಲ ಒಂದುಗೂಡುತ್ತವೆ; ಕಾಸಿದಾಗ ಪಾದರಸ ಆವಿಯಾಗಿ ಹೋಗಿ ಬಂಗಾರ ಉಳಿಯುತ್ತದೆ. ಇಡೀ ಕೌಶಲ ನಿಂತಿರುವುದು ತೂಕದ ಮೇಲೆ. ಬಂಗಾರ ನೀರಿಗಿಂತ 19 ಪಟ್ಟು ಭಾರ, ಸಾಮಾನ್ಯ ಮರಳು ಎರಡೂವರೆ ಪಟ್ಟಿನಷ್ಟು ಮಾತ್ರ.

ಆಸ್ಟ್ರೇಲಿಯದ ಕಥೆ ಕೇಳಿದವರಿಗೆ ಇದೆಲ್ಲ ತೀರ ಬಡಕಸುಬಾಗಿ ಕಂಡೀತು. ಅಲ್ಲಿ 1851ರಲ್ಲಿ ಬಂಗಾರದ ಜಾತ್ರೆಯೇ ನೆರೆಯಿತು. 1869ರ ಫೆಬ್ರುವರಿಯಲ್ಲಿ ವಿಕ್ಟೋರಿಯ ಪ್ರಾಂತದ ಮೊಲಿಯಾಗುಲ್ ಎಂಬಲ್ಲಿ ಜಾನ್ ಡೀಸನ್, ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ ನೆಲದಿಂದ ಕೆಲವೇ ಅಂಗುಲದ ಆಳದಲ್ಲಿ ಸಿಕ್ಕ ಬಂಗಾರದ ಗಟ್ಟಿ ಎಷ್ಟು ದೊಡ್ಡದಿತ್ತೆಂದರೆ, ತಕ್ಕಡಿಗೆ ಹಿಡಿಸದೆ ಅದನ್ನು ಅಡಿಗಲ್ಲಿನ ಮೇಲೆ ಒಡೆಯಬೇಕಾಯಿತು. ಅದರಲ್ಲಿದ್ದ ಶುದ್ಧ ಬಂಗಾರವೇ 70 ಕಿಲೋಗೂ ಹೆಚ್ಚು. ಅಂಥ ಗಟ್ಟಿಗಳಿಗಾಗಿ ಈಗಲೂ ಪಶ್ಚಿಮ ಆಸ್ಟ್ರೇಲಿಯದ ನಿರ್ಜನ ಬಯಲಿನಲ್ಲಿ ಲೋಹಶೋಧಕ ಯಂತ್ರ ಹಿಡಿದು ಅಲೆಯುವ ಹವ್ಯಾಸಿಗಳಿದ್ದಾರೆ. ಸರ್ಕಾರದ ಪರವಾನಗಿ ಚೀಟಿಯೊಂದಿದ್ದರೆ ಸಾಕು. ಅಲ್ಲಿನ ಕಾಲ್ಗೂರ್ಲಿ ಸೀಮೆಯ ಶಿಲೆಗಳೂ ಧಾರವಾಡದ ಶಿಲೆಗಳೂ ದೂರದ ದಾಯಾದಿಗಳೆಂದೇ ಹೇಳಬೇಕು. ಎರಡೂ 250 ಕೋಟಿ ವರ್ಷಕ್ಕೂ ಹಳೆಯವು, ಎರಡರಲ್ಲೂ ಬಂಗಾರ ಕೂತಿರುವುದು ಹೆಚ್ಚಾಗಿ ಬೆಣಚುಕಲ್ಲಿನ ಎಳೆಗಳಲ್ಲಿ. ಆದರೆ ಹಂಚಿಕೆ ಒಂದೇ ಅಲ್ಲ. ಕಪ್ಪತಗುಡ್ಡದ ಬಂಗಾರ ಸಣ್ಣ ಕಣದ್ದು. ಹಳ್ಳಗಳೋ ಮಳೆಗಾಲದಲ್ಲಷ್ಟೇ ಹರಿಯುವಂಥವು. ಗಟ್ಟಿ ಎಡವಿ ಶ್ರೀಮಂತನಾಗುವ ಯೋಗ ಇಲ್ಲಿನ ಜಲಗಾರನಿಗೆ ಇರಲಿಲ್ಲ.

ಕಂಪನಿ ಸರ್ಕಾರದ ಅಧಿಕಾರಿಗಳ ಕಣ್ಣು ಈ ಮರಿಗೆಗಳ ಮೇಲೆ ಬಿದ್ದದ್ದು 1840ರ ಆಸುಪಾಸಿನಲ್ಲಿ. ಕ್ಯಾಪ್ಟನ್ ನ್ಯೂಬೋಲ್ಡ್ ಕಪ್ಪತಗುಡ್ಡದ ಬಂಗಾರದ ಬಗ್ಗೆ ಬರೆದ. ಮುಂದೆ ಫೂಟ್ ಬಂದು ಜಲಗಾರರಿಂದಲೇ ಮಣ್ಣು ತೊಳೆಸಿ ನೋಡಿದ, 1874ರಲ್ಲಿ ಡಂಬಳ ಗುಡ್ಡಗಳ ಬಂಗಾರದ ಬಗ್ಗೆ ವರದಿ ಪ್ರಕಟಿಸಿದ. ಇದೇ ಫೂಟ್ 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿ ಕಂಡವನು. ಕಲ್ಲನ್ನು ನೋಡುವ ಕಣ್ಣು ಅವನಿಗಿತ್ತು, ಉತ್ಪ್ರೇಕ್ಷೆಯ ಚಟ ಇರಲಿಲ್ಲ. ಅವನ ವರದಿ ಓದಿ ಯಾರೂ ಷೇರು ಕೊಳ್ಳಲು ಓಡುವಂತಿರಲಿಲ್ಲ.

ಓಡುವಂಥ ವರದಿ ಬರೆದವನು ಬೇರೆ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಬ್ರೋ ಸ್ಮಿತ್‌ನನ್ನು ಭಾರತ ಸರ್ಕಾರ 1879ರಲ್ಲಿ ವೈನಾಡಿನ ಬಂಗಾರ ಪರೀಕ್ಷಿಸಲು ಕರೆಸಿತು. ಆತನ ಆಶಾವಾದಿ ವರದಿಯ ಬೆನ್ನಿಗೆ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು, ಷೇರುಗಳು ಬಿಸಿ ದೋಸೆಯಂತೆ ಮಾರಿಹೋದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಳುಗಿತು. ಅಲ್ಲಿ ಬಂಗಾರ ಇಲ್ಲದೆ ಇರಲಿಲ್ಲ. ಕಂಪನಿಯ ಖರ್ಚು ಹುಟ್ಟುವಷ್ಟು ಇರಲಿಲ್ಲ. ಒಬ್ಬ ಮನುಷ್ಯ ಮರಿಗೆಯಲ್ಲಿ ತೊಳೆದರೆ ಹೊಟ್ಟೆಗಾಗುವ ಬಂಗಾರ, ಬಾಯ್ಲರು, ಮ್ಯಾನೇಜರು, ಲಂಡನ್ನಿನ ಡೈರೆಕ್ಟರು ಎಲ್ಲರನ್ನೂ ಸಾಕಲಾರದು.

ಕೋಲಾರದಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. ಅಲ್ಲಿಯೂ ದಾರಿ ತೋರಿದ್ದು ಮಣ್ಣು ತೊಳೆಯುವವರೇ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಬಹುಮಾನ ಸಾರಿದಾಗ ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು ಅವನೆದುರೇ ತೊಳೆದು ಬಂಗಾರ ತೋರಿಸಿದ್ದರು. ಆ ಹಳೆಯ ವರದಿಯ ಜಾಡು ಹಿಡಿದವನು, ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್. 1875ರಲ್ಲಿ ಅವನಿಗೆ ಮೈಸೂರು ಸರ್ಕಾರದ ಪರವಾನಗಿ ಸಿಕ್ಕಿತು. ಹಕ್ಕು ಕೈಯಿಂದ ಕೈಗೆ ಹೋಗಿ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು.

ಕೋಲಾರದ ಯಶಸ್ಸು ಕಂಡು ಗದಗ ಸೀಮೆಗೂ ಕಂಪನಿಗಳು ಬಂದವು. 20ನೇ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿ, ಹೊಸೂರುಗಳ ಸುತ್ತ ಗಣಿ ತೋಡಲಾಯಿತು. ಧಾರವಾಡ ಗೋಲ್ಡ್ ಮೈನ್ಸ್ ಎಂಬ ಕಂಪನಿಯೂ ಇತ್ತು. ಶಿರಹಟ್ಟಿ ಭಾಗ ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರಿಂದ ಸಾಂಗಲಿಯ ಹೆಸರಿನಲ್ಲೂ ಒಂದು ಗಣಿ ನಡೆಯಿತು. ಬಂಗಾರ ಬಂತು, ಆದರೆ ಸಾಲಲಿಲ್ಲ. ಮೊದಲ ಮಹಾಯುದ್ಧ ಶುರುವಾಗುವ ಮುನ್ನವೇ ಯಂತ್ರಗಳು ನಿಂತವು.

ಬಂಗಾರದ ಹುಡುಕಾಟದಿಂದ ಕನ್ನಡ ನಾಡಿಗೆ ದಕ್ಕಿದ ಅತಿ ದೊಡ್ಡ ಗಟ್ಟಿ ಬಂಗಾರದ್ದೇ ಅಲ್ಲ ಎನ್ನಬಹುದು. 1915ರಲ್ಲಿ ನಿಜಾಮರ ಸೀಮೆಯಲ್ಲಿ ಅದಿರು ಅರಸುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಕ್ಷರಗಳು ಬಿದ್ದವು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರೇ ಕಂಡದ್ದು ಮಸ್ಕಿಯಲ್ಲಿ. ಶಾಸನ ಅಲ್ಲಿ ಯಾಕಿತ್ತು ಎಂಬ ಪ್ರಶ್ನೆಗೆ ಸುತ್ತಲಿನ ಪ್ರಾಚೀನ ಬಂಗಾರದ ಗುಂಡಿಗಳನ್ನು ತೋರಿಸುವ ವಿದ್ವಾಂಸರಿದ್ದಾರೆ. ಅದೇ ಸೀಮೆಯ ಹಟ್ಟಿಯಲ್ಲಿ ಹಿಂದಿನವರು ಬಂಡೆಗೆ ಬೆಂಕಿ ಹಾಕಿ ಸೀಳಿಸಿ ಬಲು ಆಳಕ್ಕೆ ಇಳಿದಿದ್ದರು. ಹಟ್ಟಿ ಗಣಿ ಇಂದಿಗೂ ಬಂಗಾರ ಕೊಡುತ್ತಿದೆ.

ಕಪ್ಪತಗುಡ್ಡದ ಮಟ್ಟಿಗೆ ಪ್ರಶ್ನೆ ತಿರುವುಮುರುವಾಗಿದೆ. ಬಂಗಾರದ ಬೆಲೆ ಏರಿದಂತೆ, ಹಿಂದೆ ಕಂಪನಿಗಳು ಸಾಲದೆಂದು ಬಿಟ್ಟುಹೋದ ಬಡ ಅದಿರೂ ಲಾಭದ್ದಾಗಿ ಕಾಣತೊಡಗಿತು. ಗಣಿಗಾರಿಕೆಗೆ ಹೊಸ ಅರ್ಜಿಗಳು ಬಂದವು. ಈಗಿನ ಗಣಿಗೆ ಬೇಕಾದದ್ದು ಹಳ್ಳದ ಹಿಡಿ ಮಣ್ಣಲ್ಲ, ಗುಡ್ಡವೇ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು ಉಳಿಸಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2015ರಲ್ಲಿ ಸಿಕ್ಕ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನಮಾನವನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಿತು. ಜನ ಸುಮ್ಮನಿರದಿದ್ದಾಗ 2017ರಲ್ಲಿ ಮತ್ತೆ ಕೊಟ್ಟಿತು. 2018ರ ಅಕ್ಟೋಬರಿನಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಮರುವರ್ಷ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಜಲಗಾರರ ಕಸುಬು ಅಷ್ಟರೊಳಗೆ ಅಳಿದಿತ್ತು.